ಷರಾ ಕಾಲಮಿನ ಪಾಪ

ಶಿರಾ ಗೇಟ್, ತುಮಕೂರು
೧೨ ಆಗಸ್ಟ್ ೧೯೭೯

ಅಕ್ಕ,

ಆ ಮಾತು ಅಂದದ್ದು ನೀನೇ ಇರಬೇಕು, ಅಥವಾ ಭಾವನೇ ಏನೋ. 'ಕೇಳ್ಕಂಡು ಬಂದ್ವಾ?' ಅಷ್ಟೇ ನೆನಪಿದೆ, ಯಾರ ದನಿ ಎಂಬುದು ಅಳಿಸಿಹೋಗಿದೆ. ಐದು ವರ್ಷದ ಹಿಂದೆ ಒಂದು ಸಂಜೆ ಸೀಗೆ ಮೆಳೆಯ ಮುಂದೆ ನಾವು ಮೂವರೂ ನಿಂತಿದ್ದೆವು. ನಿನ್ನ ಕೈಯಲ್ಲಿ ಎಮ್ಮೆಯ ಹಗ್ಗವಿತ್ತು. ಮೆಳೆಯೊಳಗಿಂದ ಎರಡು ಜೊತೆ ಕಣ್ಣು ನಮ್ಮನ್ನು ನೋಡುತ್ತಿದ್ದವು. ಕಾಡುಪಾಪವನ್ನು ನಾನು ಅದುವರೆಗೆ ಪುಸ್ತಕದ ಚಿತ್ರದಲ್ಲಿ ಮಾತ್ರ ಕಂಡಿದ್ದೆ. ಬೋರ್ಡಿನ ಮೇಲೆ ಬರೆದು ಮಕ್ಕಳಿಗೆ ತೋರಿಸಿಯೂ ಇದ್ದೆ. ಅಂಗೈಯಷ್ಟು ಮೈ, ಕಡ್ಡಿಯಂಥ ಕೈಕಾಲು, ಮುಖವೆಲ್ಲ ಕಣ್ಣು. ಮುಂದಿನ ಕೊಂಬೆ ಕೈಗೆ ಸಿಕ್ಕ ಮೇಲೆಯೇ ಹಿಂದಿನದನ್ನು ಬಿಡುತ್ತಿದ್ದವು. ಆಗಲೇ ಯಾರೋ ಆ ಮಾತು ಅಂದರು. ನಮ್ಮ ಜಮೀನಿಗೆ ನಮ್ಮನ್ನು ಕೇಳದೆ ಬಂದು ಸೇರಿಕೊಂಡಿವೆ ಎಂಬ ಅಸಮಾಧಾನ ಅದರಲ್ಲಿ ಇತ್ತೆಂದು ನನಗೆ ಅನ್ನಿಸಿತ್ತು.

ನಿನ್ನ ಕಾರ್ಡು ಬಂದು ಹನ್ನೆರಡು ದಿನವಾಯಿತು. ಮೆಳೆಯ ಅಂಚಿನ ಎರಡು ಹೊಂಗೆ ಮರ ಕಡಿದು, ಮೆಳೆಯನ್ನೂ ಸವರಿ, ಆ ಜಾಗದಲ್ಲಿ ಬಾವಿ ತೋಡಿಸಬೇಕೆಂದಿದ್ದೀಯೆ. ಅದಕ್ಕೆ ಯಾವ ಆಫೀಸಿನಲ್ಲಿ ಪರ್ಮಿಶನ್ ಕೇಳಬೇಕು ಎಂದು ಕೇಳಿದ್ದೀಯೆ. ರೇವಮ್ಮ ಗುಬ್ಬಿಯ ಗಂಡನ ಮನೆ ಬಿಟ್ಟು ತವರಿಗೆ ಬಂದು ನಿನ್ನ ಜೊತೆ ಬೇಸಾಯಕ್ಕೆ ನಿಂತಿರುವಾಗ ನೀರು ಎಷ್ಟು ಮುಖ್ಯ ಎಂಬುದು ನನಗೆ ತಿಳಿಯದ್ದಲ್ಲ. ಆದರೂ ಮೆಳೆಯನ್ನು ಈಗ ಮುಟ್ಟಬೇಡ. ಇಂಥ ಪ್ರಾಣಿಗಳಿಗೆ ಈಗ ಕಾನೂನು ಬಂದಿದೆ. ಕಾನೂನು ಬಂದ ಮೇಲೆ ಅವು ಯಾರ ಜಮೀನಿನಲ್ಲಿವೆ ಎನ್ನುವುದು ಎರಡನೆಯ ಮಾತು. ಬೇರೆ ಮೂಲೆಯಲ್ಲಿ ನೀರು ನೋಡಿಸಬಾರದೇ?

ದಿನವೂ ಗುಬ್ಬಿಯ ಶಾಲೆಗೆ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೇನೆ. ಸಂತೆಯ ದಿನ ರೇವಮ್ಮನ ಗಂಡ ಒಮ್ಮೊಮ್ಮೆ ಕಾಣುತ್ತಾನೆ. ನಾವು ಮಾತಾಡುವುದಿಲ್ಲ.

ನಿನ್ನ ತಮ್ಮ
ಚಿಕ್ಕರಂಗಯ್ಯ


ಮೆಳೆಪಾಳ್ಯ, ಕೊತ್ತಗೆರೆ ಹೋಬಳಿ
೯ ಸೆಪ್ಟೆಂಬರ್ ೧೯೭೯

ಚಿಕ್ಕರಂಗನಿಗೆ ಅಕ್ಕ ಹೊಂಬಾಳಮ್ಮ ಬರೆಯುವುದು.

ಅಂದದ್ದು ನಾನೇ. ನಿಮ್ಮ ಭಾವ ಅವನ್ನು ನೋಡಿ ಥೂ ಎಂದು ಉಗಿದು, ಶಕುನ ಕೆಟ್ಟಿತು, ಓಡಿಸಬೇಕು ಅಂದರು. ಅದಕ್ಕೆ ನಾನು ಹಂಗಂದೆ. ಹೋದವರ ಬಾಯಿಗೆ ನನ್ನ ಮಾತು ತುಂಬಬೇಡ.

ಆಫೀಸು ಯಾವುದು ಎಂದು ನೀನು ಹೇಳಲಿಲ್ಲ. ಎರಡು ಪುಟ ಬರೆದೆ, ಅದೊಂದು ಬರೆಯಲಿಲ್ಲ. ಕುಣಿಗಲ್ ಬಸ್ ಸ್ಟ್ಯಾಂಡಿನಲ್ಲಿ ಹೂ ಮಾರುವವಳನ್ನು ಕೇಳಿದೆ, ತೋರಿಸಿದಳು. ಫಾರೆಸ್ಟಿನವರು ಪಹಣಿ ತನ್ನಿ ಎಂದರು. ನಮ್ಮೂರಿನ ಲೆಕ್ಕಿಗ ಚೌಡಪ್ಪನ ಹತ್ತಿರ ಪಹಣಿ ಬರೆಸಿಕೊಂಡು, ಇನ್ನೊಂದು ದಿನ ಕೆಡಿಸಿಕೊಂಡು ಹೋದೆ. ಫಾರೆಸ್ಟಿನವನು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ.

'ಅಮ್ಮ, ನಿಮ್ಮ ಜಮೀನಲ್ಲಿ ಮರ ಕಡಿಯೋಕೆ ಪರ್ಮಿಶನ್ ಕೊಡಬೋದು. ಆದ್ರೆ ಇದು ನಿಮ್ಮ ಜಮೀನಲ್ವಲ್ಲ, ಕಾಡು' ಅಂದ.

ನಾನು ನಕ್ಕೆ. ಅವನು ನಗಲಿಲ್ಲ. ಕೊನೆಯ ಕಾಲಮಿನಲ್ಲಿ ಬೆರಳಿಟ್ಟು ತೋರಿಸಿದ. ಷರಾ ಅಂತ ಇರುತ್ತದಲ್ಲ, ಅದರಲ್ಲಿ ಒಂದೇ ಮಾತು. ಕಾಡು. ಮೆಳೆಯ ಹನ್ನೆರಡು ಗುಂಟೆಗಷ್ಟೇ ಅಲ್ಲ, ಮೂರು ಎಕರೆ ಸರ್ವೆ ನಂಬರಿಗೂ ಅದೇ. ಅವತ್ತು ಹೊಲದಲ್ಲಿ ರಾಗಿ ಮೊಣಕಾಲು ಎತ್ತರ ನಿಂತಿತ್ತು. ಕಾಡಿನಲ್ಲಿ ಸಾಲು ಹಿಡಿದು ಯಾರು ರಾಗಿ ಬಿತ್ತುತ್ತಾರೆ?

ಈ ಸುದ್ದಿ ನಮ್ಮ ದೊಡ್ಡಪ್ಪನ ಮಗ ಜುಂಜಣ್ಣನಿಗೂ ಮುಟ್ಟಿದೆ. ನಿನ್ನೆ ಅವನ ಕುರಿ ನಮ್ಮ ರಾಗಿಯಲ್ಲಿ ಇದ್ದವು. ರೇವಿ ಹೋಗಿ ಕೇಳಿದರೆ, 'ಕಾಡಂದ್ಮೇಲೆ ಕುರಿ ಬುಡೋಕೆ ಯಾರ್ನ ಕೇಳ್ಬೇಕವ್ವಾ?' ಅಂದನಂತೆ.

ಈ ಜಮೀನು ಅಪ್ಪನದು. ನಿನ್ನ ಪಾಲು ಬೇಡ ಎಂದು ನೀನು ಸಹಿ ಹಾಕಿ ಬಿಟ್ಟುಕೊಟ್ಟದ್ದು. ನಾನು ಕಣ್ಣು ಮುಚ್ಚುವುದರೊಳಗೆ ರೇವಿ ಹೆಸರಿಗೆ ಮಾಡದಿದ್ದರೆ ಜುಂಜಣ್ಣ ಅವಳನ್ನು ನಿಲ್ಲಲು ಬಿಡುವುದಿಲ್ಲ. ಕಾಡನ್ನು ಮಗಳ ಹೆಸರಿಗೆ ಬರೆಯಲು ಬರುತ್ತದಾ? ನೀನು ಓದಿದವನು, ಹೇಳು. ಇದು ಹೆಂಗೆ ಆಯಿತು?

ಹೊಂಬಾಳಮ್ಮ


ಶಿರಾ ಗೇಟ್, ತುಮಕೂರು
೧೭ ಸೆಪ್ಟೆಂಬರ್ ೧೯೭೯

ಅಕ್ಕ,

ಆ ಮಾತು ಯಾವ ವರ್ಷದ ಪಹಣಿಯಿಂದ ಬಂದಿದೆ ಎಂದು ಮೊದಲು ತಿಳಿಯಬೇಕು. ಹಳೆಯ ನಕಲುಗಳನ್ನು ಕೇಳಿ ನೋಡು. ಬರವಣಿಗೆಯ ತಪ್ಪುಗಳು ಆಗುತ್ತಿರುತ್ತವೆ. ಒಬ್ಬರು ಬರೆದದ್ದನ್ನು ಇನ್ನೊಬ್ಬರು ನೋಡಿ ಬರೆಯುತ್ತಾರೆ, ಹೊಲವನ್ನು ಯಾರೂ ನೋಡುವುದಿಲ್ಲ.

ಇಲ್ಲಿ ಅರ್ಧವಾರ್ಷಿಕ ಪರೀಕ್ಷೆ ಹತ್ತಿರವಾಗಿದೆ. ಹೆಚ್ಚು ಬರೆಯಲಾರೆ.

ಚಿಕ್ಕರಂಗಯ್ಯ


ಮೆಳೆಪಾಳ್ಯ
೨ ನವೆಂಬರ್ ೧೯೭೯

ಚಿಕ್ಕರಂಗನಿಗೆ,

ನೀನು ಹೇಳಿದ ಹಾಗೆ ಹಳೆಯ ಪಹಣಿ ತೆಗೆಸಿದೆ. ಚೌಡಪ್ಪ ಒಳ್ಳೆಯವನು, ಈ ಊರಿಗೆ ಬಂದು ಎರಡು ವರ್ಷ ಆಯಿತು. ಹಿಂದೆ ಇದ್ದವನಿಗೆ ವರ್ಗವಾಗಿದೆ. ಪುಸ್ತಕಗಳನ್ನು ನಮ್ಮ ಜಗಲಿಯ ಮೇಲೇ ತಂದಿಟ್ಟುಕೊಂಡು ಒಂದೊಂದೇ ವರ್ಷ ಓದಿ ಹೇಳಿದ. ಐದು ವರ್ಷದ ಹಿಂದೆ ಷರಾದಲ್ಲಿ 'ಕಾಡು ಪಾಪ ಇದೆ' ಎಂದು ಇದೆ. ಮಾರನೆ ವರ್ಷ 'ಕಾಡು ಇದೆ'. ಅದರ ಮಾರನೆ ವರ್ಷದಿಂದ 'ಕಾಡು'. ಮೊದಲು ಪಾಪ ಹೋಯಿತು, ಆಮೇಲೆ ಇದೆ ಎನ್ನುವುದೂ ಹೋಯಿತು.

'ಇದು ಸುಮ್ನೆ ಬರಲ್ಲ ಕಣಮ್ಮ, ಹಿಂದೆ ಒಂದು ಅರ್ಜಿ ಇರ್ಬೇಕು' ಎಂದು ಚೌಡಪ್ಪ ಹುಡುಕಿದ. ಸಿಕ್ಕಿತು. ಕೆಳಗೆ ನನ್ನ ಸಹಿ ಇದೆ. ನಾಲ್ಕನೇ ಕ್ಲಾಸಿನಲ್ಲಿ ಕಲಿತ ಸಹಿ, ಬದಲಾಗಿಲ್ಲ. ಮೇಲಿನ ಅಕ್ಷರ ನನ್ನದಲ್ಲ. ಡು ಬರೆದು ಅದರ ಕೊಂಬನ್ನು ಮುಂದಿನ ಅಕ್ಷರದ ಕೆಳಗೆ ಉದ್ದಕ್ಕೆ ಎಳೆಯುವವರು ನಮ್ಮ ಮನೆಯಲ್ಲಿ ಒಬ್ಬರೇ ಇದ್ದರು. ಅಪ್ಪ ಅದಕ್ಕೆ ಬೆರಳ ಗಿಣ್ಣಿನ ಮೇಲೆ ಹೊಡೆಯುತ್ತಿದ್ದರು.

ಅರ್ಜಿಯನ್ನು ಮಡಚಿ ಚೌಡಪ್ಪನ ಕೈಗೆ ಕೊಟ್ಟೆ.

ರಾಗಿ ಕೊಯ್ಲು ಆಗಿದೆ. ಕುರಿ ತಿಂದು ಮಿಕ್ಕಿದ್ದು. ಹಬ್ಬಕ್ಕೆ ನೀನು ಬರಲಿಲ್ಲ. ಬರುತ್ತೀಯೆ ಎಂದು ರೇವಿ ಕಜ್ಜಾಯ ಎತ್ತಿಟ್ಟಿದ್ದಳು. ಆಮೇಲೆ ನಾವೇ ತಿಂದೆವು.

ಹೊಂಬಾಳಮ್ಮ


ಶಿರಾ ಗೇಟ್, ತುಮಕೂರು
೨೦ ಜನವರಿ ೧೯೮೦

ಅಕ್ಕ,

ಎರಡೂವರೆ ತಿಂಗಳು ತಡವಾಗಿ ಬರೆಯುತ್ತಿದ್ದೇನೆ. ಈ ಪತ್ರವನ್ನು ಮೂರು ಸಲ ಬರೆದೆ. ಮೊದಲ ಎರಡರಲ್ಲಿ ನನ್ನ ಉದ್ದೇಶ ಒಳ್ಳೆಯದಿತ್ತು ಎಂಬುದು ಮೊದಲ ಸಾಲಿನಲ್ಲೇ ಬಂತು. ಅದನ್ನು ಬಿಟ್ಟು ಬರೆಯಲು ಇಷ್ಟು ದಿನ ಹಿಡಿಯಿತು.

ಅರ್ಜಿ ಬರೆದದ್ದು ನಾನು. ನಾವು ಮೆಳೆಯ ಮುಂದೆ ನಿಂತ ಮೂರನೆಯ ದಿನ ಒಬ್ಬ ಬುಟ್ಟಿ ಹೊತ್ತುಕೊಂಡು ಬಂದದ್ದು ನಿನಗೆ ನೆನಪಿರಬಹುದು. ಕಾಡುಪಾಪ ಹಿಡಿದುಕೊಂಡು ಹೋಗಿ ಕಣ್ಣಿನ ಔಷಧ ಮಾಡುವವರಿಗೆ ಮಾರುತ್ತಿದ್ದವನು. ನಾಳೆ ಬರುತ್ತೇನೆ ಎಂದು ಹೇಳಿ ಹೋದ. ನೀನು ಏನೂ ಅನ್ನಲಿಲ್ಲ. ನಿನ್ನ ಆ ಸುಮ್ಮನಿರುವಿಕೆಯನ್ನೂ ಮೆಳೆಯ ಮುಂದಿನ ಆ ಸಂಜೆಯ ಮಾತನ್ನೂ ನಾನು ಜೋಡಿಸಿಕೊಂಡೆ. ಅವು ನಿನಗೆ ಬೇಡವಾಗಿವೆ, ಅವನು ಹಿಡಿದುಕೊಂಡು ಹೋದರೆ ಹೋಗಲಿ ಎಂದುಕೊಂಡಿದ್ದೀಯೆ ಎಂದು ತೀರ್ಮಾನಿಸಿದೆ. ಕೇಳಬಹುದಿತ್ತು. ಕೇಳುವುದಕ್ಕಿಂತ ಬರೆಯುವುದು ನನಗೆ ಯಾವಾಗಲೂ ಸುಲಭ. 'ಇಂಥ ಸರ್ವೆ ನಂಬರಿನ ನನ್ನ ಜಮೀನಿನಲ್ಲಿ ಕಾಡುಪಾಪ ಇದೆ, ಅದನ್ನು ಯಾರೂ ಹಿಡಿಯದಂತೆ ಸರ್ಕಾರ ದಾಖಲು ಮಾಡಿಕೊಂಡು ರಕ್ಷಿಸಬೇಕು' ಎಂದು ಬರೆದು, ಬುಟ್ಟಿಯವನನ್ನು ಓಡಿಸುವುದಕ್ಕೆ ಒಂದು ಕಾಗದ, ಸಹಿ ಹಾಕು ಎಂದೆ. ನೀನು ಓದದೆ ಹಾಕಿದೆ.

ಅದರ ಕಾರ್ಬನ್ ಪ್ರತಿ ನನ್ನ ಹತ್ತಿರ ಇದೆ. ತೆಗೆದು ನೋಡಿದೆ. 'ಕಾಡು' ಎಂಬಲ್ಲಿಗೆ ಸಾಲು ಮುಗಿದಿದೆ. 'ಪಾಪ' ಕೆಳಗಿನ ಸಾಲಿನಲ್ಲಿ ಮೊದಲಾಗುತ್ತದೆ. ಇನ್ನು ಎರಡು ಅಕ್ಷರಕ್ಕೆ ಅಂಚಿನಲ್ಲಿ ಜಾಗವಿತ್ತು. ಅಂಚು ಬಿಟ್ಟು ಬರೆಯಬೇಕೆಂದು ಮಕ್ಕಳಿಗೆ ಹೇಳಿ ಹೇಳಿ ನನಗೂ ಅಭ್ಯಾಸವಾಗಿತ್ತು. ನನ್ನ ಒಂದು ಸಹಿಯಲ್ಲಿ ನಿನಗೆ ಕೊಟ್ಟ ಜಮೀನನ್ನು ನಿನ್ನ ಸಹಿಯಲ್ಲೇ ನಾನು ವಾಪಸ್ಸು ತೆಗೆದ ಹಾಗಾಯಿತು.

ಕಳೆದ ವಾರ ರಜೆ ಹಾಕಿ ತಾಲ್ಲೂಕು ಆಫೀಸಿನ ಶಿರಸ್ತೇದಾರರನ್ನು ಕಂಡೆ. ವೀರಭದ್ರಯ್ಯ ಎಂದು ಹೆಸರು. ಕಾರ್ಬನ್ ಪ್ರತಿ ನೋಡಿದರು. ಕಾಗದಕ್ಕೆ ಕಾಗದ ಸಾಕ್ಷಿಯಾಗುವುದಿಲ್ಲ, ಜಾಗ ನೋಡಬೇಕು ಎಂದರು. ಮೆಳೆಯಲ್ಲಿ ಕಾಡುಪಾಪ ಈಗಲೂ ಇದ್ದು ಅದನ್ನು ಅವರು ಕಣ್ಣಾರೆ ಕಂಡರೆ, ಮೊದಲು ಬರೆದದ್ದು ಪ್ರಾಣಿಯ ಹೆಸರು, ಆಮೇಲಿನದು ನಕಲಿನ ತಪ್ಪು ಎಂದು ತಿದ್ದಬಹುದು. ಕಾಣದಿದ್ದರೆ ಕಾಡು ಕಾಡೇ. ಇನ್ನೊಂದು ಮಾತೂ ಹೇಳಿದರು. ಪ್ರಾಣಿ ಇದೆಯೆಂದು ಅವರು ಬರೆದರೆ ಫಾರೆಸ್ಟಿನವರಿಗೂ ತಿಳಿಸಬೇಕಾಗುತ್ತದೆ. ಆಮೇಲೆ ಆ ಹನ್ನೆರಡು ಗುಂಟೆ ಮೆಳೆಯನ್ನು ಕಡಿಯಲು ಬಿಡುವುದಿಲ್ಲ. ಜಮೀನು ನಿನ್ನದಾಗಿಯೇ ಇರುತ್ತದೆ, ಮುಟ್ಟುವ ಹಾಗಿರುವುದಿಲ್ಲ.

ಮೂರು ಎಕರೆ ಬೇಕಾದರೆ ಮೆಳೆಯನ್ನು ಬಿಡಬೇಕು. ನೀನು ಯೋಚಿಸಿ ಹೇಳು. ಈ ಸಲ ನಾನು ಏನೂ ಹೇಳುವುದಿಲ್ಲ.

ಚಿಕ್ಕರಂಗಯ್ಯ


ಮೆಳೆಪಾಳ್ಯ
೧೧ ಫೆಬ್ರವರಿ ೧೯೮೦

ಚಿಕ್ಕರಂಗನಿಗೆ,

ಬುಟ್ಟಿಯವನು ಮಾರನೆ ದಿನ ಬಂದಿದ್ದ. ನೀನು ಬೆಳಗಿನ ಬಸ್ಸಿಗೆ ಹೊರಟುಹೋಗಿದ್ದೆ. ನಾನು ಎಮ್ಮೆ ಹೊಡೆಯುವ ಕೋಲು ಹಿಡಿದು ಮೆಳೆಯ ಮುಂದೆ ಕೂತಿದ್ದೆ. ಅವನು ನನ್ನನ್ನೂ ಕೋಲನ್ನೂ ನೋಡಿ ದಾರಿ ತಪ್ಪಿ ಬಂದವನ ಹಾಗೆ ಕೊತ್ತಗೆರೆ ಯಾವ ಕಡೆ ಎಂದು ಕೇಳಿದ. ತೋರಿಸಿದೆ. ಮತ್ತೆ ಬರಲಿಲ್ಲ. ಅದಕ್ಕೆ ಅರ್ಜಿ ಬೇಕಿರಲಿಲ್ಲ.

ಶಿರಸ್ತೇದಾರರು ಬರಲಿ, ತೋರಿಸುತ್ತೇನೆ. ಬಾವಿಗೆ ಹೊಲದ ನಡುವೆ ಬೇರೆ ಜಾಗ ನೋಡಿಸಿದ್ದಾಯಿತು. ಅಲ್ಲಿ ನೀರು ಆಳದಲ್ಲಿ ಇದೆಯಂತೆ, ಇರಲಿ.

ಮೊದಲು ಸವರಬೇಕು ಎಂದುಕೊಂಡಿದ್ದ ಮೆಳೆಯನ್ನು ಈಗ ನಾವೇ ಕಾಯುವ ಹಾಗಾಗಿದೆ. ನಾನೊಂದು ಹೊತ್ತು, ರೇವಿ ಒಂದು ಹೊತ್ತು. ಅವು ಇಲ್ಲದೆ ಹೋದರೆ ಜಮೀನು ಕಾಡಾಗಿಯೇ ಉಳಿಯುತ್ತದೆ ಎಂದು ಜುಂಜಣ್ಣನಿಗೆ ಯಾರೋ ಹೇಳಿದ್ದಾರೆ. ಇಲ್ಲದ ಕೆಲಸ ಹುಡುಕಿಕೊಂಡು ಬೀಡಿ ಸೇದುತ್ತಾ ಆ ಕಡೆಯೇ ಓಡಾಡುತ್ತಾನೆ. ಬೇಸಿಗೆ ಹತ್ತಿರ ಬಂತು, ತರಗು ಒಣಗಿದೆ. ಮೆಳೆಯ ಸುತ್ತ ಎರಡು ಮಾರು ಅಗಲ ತರಗು ಗುಡಿಸಿ ನೆಲ ಬೋಳು ಮಾಡಿದ್ದೇವೆ.

ಬರುವ ದಿನ ಗೊತ್ತಾದರೆ ನೀನೂ ಬಾ. ಅಕ್ಷರ ನಿನ್ನದು, ನೀನು ಇದ್ದರೆ ಒಳ್ಳೆಯದು.

ಹೊಂಬಾಳಮ್ಮ


ಶಿರಾ ಗೇಟ್, ತುಮಕೂರು
೨೨ ಏಪ್ರಿಲ್ ೧೯೮೦

ಅಕ್ಕ,

ತಪಾಸಣೆ ಇದೇ ೨೯ಕ್ಕೆ ಗೊತ್ತಾಗಿದೆ. ಬಾ ಎಂದು ನೀನು ಬರೆದಿದ್ದೆ. ಅದೇ ವಾರ ಉತ್ತರಪತ್ರಿಕೆ ತಿದ್ದುವ ಕೆಲಸಕ್ಕೆ ಹಾಕಿದ್ದಾರೆ. ಬಿಡುಗಡೆ ಕೇಳಿದರೆ ಸಿಗುತ್ತಿತ್ತೇನೋ. ಕೇಳಲಿಲ್ಲ. ಕಾರ್ಬನ್ ಪ್ರತಿಯನ್ನೂ ನನ್ನ ಹೇಳಿಕೆಯನ್ನೂ ರಿಜಿಸ್ಟರ್ಡ್ ಅಂಚೆಯಲ್ಲಿ ಶಿರಸ್ತೇದಾರರಿಗೆ ಕಳಿಸಿದ್ದೇನೆ.

ಚಿಕ್ಕರಂಗಯ್ಯ


ಮೆಳೆಪಾಳ್ಯ
೪ ಮೇ ೧೯೮೦

ಚಿಕ್ಕರಂಗನಿಗೆ,

ನೀನು ಬರಲಿಲ್ಲ, ನಡೆದದ್ದು ಬರೆಯುತ್ತೇನೆ.

ಶಿರಸ್ತೇದಾರರು, ಫಾರೆಸ್ಟಿನವನು, ಚೌಡಪ್ಪ ಮೂವರೂ ಬೆಳಿಗ್ಗೆ ಹನ್ನೊಂದಕ್ಕೆ ಜೀಪಿನಲ್ಲಿ ಬಂದರು. ಜುಂಜಣ್ಣ ಕರೆಯದೆ ಬಂದ. ಶಿರಸ್ತೇದಾರರು ಮೆಳೆಯನ್ನು ಒಂದು ಸುತ್ತು ಹಾಕಿ ಎಲ್ಲಿವೆಯಮ್ಮ ಅಂದರು. ಮಲಗವೆ ಅಂದೆ. ಎಬ್ಬಿಸಿ ಅಂದರು.

ರೇವಿ ಸುಮ್ಮನಿರುವವಳಲ್ಲ. 'ಮಧ್ಯಾಹ್ನ ಮಲಗಿರುವಾಗ ಎಬ್ಬಿಸಿದ್ರೆ ನೀವು ಬರ್ತೀರಾ ಸ್ವಾಮಿ?' ಅಂದಳು.

ಚೌಡಪ್ಪ ಬೇರೆ ಕಡೆ ತಿರುಗಿ ನಕ್ಕ. ಜುಂಜಣ್ಣ ಕೋಲು ಎತ್ತಿ, ನಾಲ್ಕು ಬಡಿದರೆ ಇರೋದು ಬೀಳುತ್ತೆ ಬುಡಿ ಎಂದು ಮುಂದೆ ಬಂದ. ರೇವಿ ಅವನ ಕೋಲಿಗೂ ಮೆಳೆಗೂ ನಡುವೆ ಹೋಗಿ ನಿಂತಳು. ಫಾರೆಸ್ಟಿನವನು ಕೋಲು ಇಳಿಸಿ ಎಂದು ಗದರಿದ. ಕಾನೂನು ನಮ್ಮ ಕಡೆ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಸಂಜೆಯವರೆಗೆ ಕಾಯಬೇಕು ಎಂದೆ. ಆಗಲ್ಲ ಅಂದರು. ಊಟಕ್ಕೆ ಏಳಿ ಅಂದೆ. ಮುದ್ದೆ, ಹುರುಳಿಕಾಳಿನ ಸಾರು. ಉಂಡ ಮೇಲೆ ಶಿರಸ್ತೇದಾರರು ಹುಣಸೆ ಮರದ ಕೆಳಗೆ ಮಂಚದ ಮೇಲೆ ಒಂದು ಗಳಿಗೆ ಒರಗುತ್ತೇನೆ ಎಂದರು. ಎದ್ದಾಗ ಎಮ್ಮೆಗಳು ಮನೆಗೆ ಬರುತ್ತಿದ್ದವು. ಅವರನ್ನು ಯಾರೂ ಎಬ್ಬಿಸಲಿಲ್ಲ.

ಹೊತ್ತು ಮುಳುಗಿತು. ಎಲ್ಲರೂ ಬಾಯಿ ಮುಚ್ಚಿ ಕೂತೆವು, ಜುಂಜಣ್ಣನೂ. ಕೊನೆಗೆ ಸೀಗೆ ಬಳ್ಳಿಯ ನಡುವೆ ಕಣ್ಣು ಕಂಡವು. ಎರಡು ಎಂದು ನಾನು ಮೆಲ್ಲಗೆ ಹೇಳಿದೆ. ಮೂರು ಅಂದಳು ರೇವಿ. ನೋಡಿದರೆ ಒಂದರ ಹೊಟ್ಟೆಗೆ ಮರಿ ಅಂಟಿಕೊಂಡಿತ್ತು. ಶಿರಸ್ತೇದಾರರು ಬಗ್ಗಿ ಒಂದೊಂದಾಗಿ ಎಣಿಸಿದರು. ಆಮೇಲೆ, 'ಇದು ಕಾಡಲ್ಲ ಬುಡಮ್ಮ, ಪಾಪ' ಅಂದರು.

ಫಾರೆಸ್ಟಿನವನು ಮೆಳೆಯನ್ನು ಕಡಿಯುವುದಿಲ್ಲ, ಸುಡುವುದಿಲ್ಲ ಎಂದು ಒಂದು ಕಾಗದ ಬರೆದು ಸಹಿ ಕೇಳಿದ. ಲಾಟೀನು ತರಿಸಿ ಎರಡು ಸಲ ಗಟ್ಟಿಯಾಗಿ ಓದಿ ಆಮೇಲೆ ಹಾಕಿದೆ. ಇನ್ನು ಮೇಲೆ ಹಂಗೇ.

ಹೊಂಬಾಳಮ್ಮ


ಮೆಳೆಪಾಳ್ಯ
೧೮ ಜನವರಿ ೧೯೮೧

ಚಿಕ್ಕರಂಗನಿಗೆ,

ಹೊಸ ಪಹಣಿ ಬಂತು. ಕಾಡು ಎಂಬುದನ್ನು ಗೀಟು ಹಾಕಿ ಹೊಡೆದಿದ್ದಾರೆ. ಅದರ ಪಕ್ಕ ಪಾಪ ಎಂದು ಬರೆದಿದ್ದಾರೆ. ಕಾಡುಪಾಪ ಎಂದು ಪೂರ್ತಿ ಬರೆಯಬೇಕಿತ್ತು. ಹೊಡೆದದ್ದನ್ನು ಬಿಟ್ಟು ಓದಿದರೆ ನನ್ನ ಜಮೀನಿನಲ್ಲಿ ಈಗ ಉಳಿದಿರುವುದು ಪಾಪ ಒಂದೇ. ಇನ್ನೊಂದು ಸಲ ತಿದ್ದಿಸಲಾ ಎಂದು ಚೌಡಪ್ಪ ಕೇಳಿದ. ಬೇಡಪ್ಪ ಎಂದು ಕೈ ಮುಗಿದೆ.

ಮೊನ್ನೆ ದಾನಪತ್ರ ಬರೆಸಲು ಹೋಗಿದ್ದೆವು. ಪತ್ರ ಬರೆಯುವವನು ಪಹಣಿ ನೋಡಿ ನಗಾಡಿದ. 'ಜಮೀನಲ್ಲಿ ಪಾಪ ಇದೆ ಅಂತ ಐತಲ್ಲಮ್ಮ, ಯಾರ ಪಾಪ?' ಅಂದ.

'ನನ್ನ ತಮ್ಮಂದು' ಅಂದೆ.

ರೇವಿ ನಕ್ಕಳು. ಗುಬ್ಬಿಯಿಂದ ಬಂದ ಮೇಲೆ ಅವಳು ಅಷ್ಟು ನಕ್ಕ ನೆನಪು ನನಗಿಲ್ಲ. ಮೂರು ಎಕರೆಯೂ ಅವಳ ಹೆಸರಿಗೆ ಆಯಿತು. ಜುಂಜಣ್ಣನ ಕುರಿ ಈಗ ನಮ್ಮ ಹೊಲದ ಹತ್ತಿರ ಸುಳಿಯುವುದಿಲ್ಲ. ಆದರೆ ಅವನ ಹೊಲದ ಮೇಲೆ ನಮ್ಮ ಗಾಡಿ ಹೋಗುತ್ತಿದ್ದ ದಾರಿಗೆ ಮುಳ್ಳು ಹಾಕಿದ. ಬಾವಿಗೆ ಕಲ್ಲು ಬರಬೇಕು. ರಸ್ತೆಗೂ ನಮ್ಮ ಹೊಲಕ್ಕೂ ನಡುವೆ ಇರುವುದು ಮೆಳೆ ಒಂದೇ. ಹುಣಸೆ ಮರದ ಮಗ್ಗುಲಲ್ಲಿ ಒಂದು ಗಾಡಿ ಹೋಗುವಷ್ಟು ಕಡಿಸಿದೆ. ಫಾರೆಸ್ಟಿನವನನ್ನು ಕೇಳಲಿಲ್ಲ. ನಿನ್ನನ್ನೂ ಕೇಳಲಿಲ್ಲ. ಬರೆದು ತಿಳಿಸಬೇಕು ಅನ್ನಿಸಿತು, ತಿಳಿಸಿದ್ದೇನೆ.

ಒಂದು ಸಂಜೆ ಬಂದು ಕೂತು ಹೋಗು. ಅವಕ್ಕೋಸ್ಕರ ಇಷ್ಟೆಲ್ಲ ಬರೆದವನು ಅವನ್ನು ನೋಡಿದ್ದು ಒಂದೇ ಸಲ.

ಹೊಂಬಾಳಮ್ಮ


ಶಿರಾ ಗೇಟ್, ತುಮಕೂರು
೨ ಫೆಬ್ರವರಿ ೧೯೮೧

ಅಕ್ಕ,

ದಾನಪತ್ರ ಆದದ್ದು ಸಮಾಧಾನ. ಪತ್ರ ಬರೆಯುವವನಿಗೆ ನೀನು ಕೊಟ್ಟ ಉತ್ತರ ಸರಿಯಾಗಿಯೇ ಇದೆ.

ಗಾಡಿಯ ದಾರಿಯ ವಿಷಯ. ಕಾಡುಪಾಪ ಹಾರುವ ಪ್ರಾಣಿಯಲ್ಲ. ಮಂಗನ ಹಾಗೆ ಒಂದು ಮರದಿಂದ ಇನ್ನೊಂದಕ್ಕೆ ನೆಗೆಯಲಾರದು. ನೆಲಕ್ಕಿಳಿದರೆ ನಾಯಿಗೆ ಸಿಗುತ್ತದೆ. ಕೊಂಬೆಗೆ ಕೊಂಬೆ ತಾಗಿದ್ದರೆ ಅದಕ್ಕೆ ಲೋಕ ಇದೆ, ಇಲ್ಲದಿದ್ದರೆ ಇಲ್ಲ. ನಿನಗೆ ಅದು ಒಂದು ಗಾಡಿಯ ಅಗಲ. ಅವಕ್ಕೆ ಅದು ದಾಟಲಾಗದ ಹೊಳೆ. ಹುಣಸೆ ಮರದ ಕಡೆ ಉಳಿದವು ಆ ಕಡೆಯೇ ಮುಗಿದುಹೋಗುತ್ತವೆ. ಇದನ್ನು ಒಂಬತ್ತನೇ ಕ್ಲಾಸಿನ ಮಕ್ಕಳಿಗೂ ನಾನು ಹೇಳಿಕೊಡುತ್ತೇನೆ.

ನಾನು ಯಾರಿಗೂ ಅರ್ಜಿ ಬರೆಯುವುದಿಲ್ಲ. ಆ ಅಭ್ಯಾಸ ಬಿಟ್ಟಿದ್ದೇನೆ. ಜಮೀನು ರೇವಮ್ಮನದು, ದಾರಿ ನಿಮ್ಮದು. ಇನ್ನು ನಾನು ಹೇಳುವುದೇನೂ ಇಲ್ಲ.

ಚಿಕ್ಕರಂಗಯ್ಯ


ಮೆಳೆಪಾಳ್ಯ
೬ ನವೆಂಬರ್ ೧೯೮೩

ಅಕ್ಕ,

ನಿನ್ನ ಜಗಲಿಯ ಮೇಲೆ ಕೂತು ಬರೆಯುತ್ತಿದ್ದೇನೆ. ಬಾಗಿಲಿಗೆ ಬೀಗವಿದೆ. ನನ್ನ ಕೊನೆಯ ಪತ್ರಕ್ಕೆ ನೀನು ಉತ್ತರ ಬರೆಯಲಿಲ್ಲ, ನಾನೂ ಮತ್ತೆ ಬರೆಯಲಿಲ್ಲ. ಹೀಗೆ ಎರಡೂ ಮುಕ್ಕಾಲು ವರ್ಷವಾಯಿತು. ಈವತ್ತು ಭಾನುವಾರ. ಸಂತೆಪೇಟೆಗೆ ಹೋಗಬೇಕೆಂದು ಮನೆಯಿಂದ ಹೊರಟವನು ಕುಣಿಗಲ್ ಬಸ್ಸು ಹತ್ತಿದೆ. ಪಕ್ಕದ ಮನೆಯ ನಿಂಗಮ್ಮ ನೀವಿಬ್ಬರೂ ಗುಬ್ಬಿಗೆ ಹೋಗಿದ್ದೀರೆಂದಳು. ತೆಂಗಿನ ಸಸಿ ತರುವುದಕ್ಕಂತೆ, ನಾಳೆ ಬರುವುದಂತೆ. ದಿನವೂ ಗುಬ್ಬಿಗೆ ಹೋಗುವ ನಾನು ಈವತ್ತು ಇಲ್ಲಿ, ನೀವು ಅಲ್ಲಿ.

ನಾಲ್ಕು ಗಂಟೆಗೆ ಹೊಲದ ಕಡೆ ಹೋದೆ. ಬಾವಿಯಲ್ಲಿ ನೀರು ಕಂಡಿತು. ಮೆಳೆ ಇದೆ. ಗಾಡಿಯ ದಾರಿಯೂ ಇದೆ, ನೀನು ಬರೆದಷ್ಟೇ ಅಗಲ, ಚಕ್ರದ ಜಾಡು ಆಳಕ್ಕೆ ಬಿದ್ದಿದೆ. ಅಲ್ಲಿ ನಿಂತು ತಲೆಯೆತ್ತಿದಾಗ ಹಗ್ಗ ಕಂಡಿತು. ಮೆಳೆಯ ಕೊನೆಯ ಹೊಂಗೆ ಮರದಿಂದ ದಾರಿಯ ಮೇಲೆ ಹಾದು ಹುಣಸೆ ಮರಕ್ಕೆ. ದಪ್ಪನೆಯ ತೆಂಗಿನ ನಾರಿನ ಹಗ್ಗ, ಗಾಡಿಯ ಮೇಲೆ ಹುಲ್ಲು ಹೇರಿದರೂ ತಾಗದಷ್ಟು ಎತ್ತರ. ಅದಕ್ಕೆ ಸೀಗೆ ಬಳ್ಳಿ ಹಬ್ಬಿಸಿದ್ದೀಯೆ. ಪಕ್ಕದಲ್ಲಿ ಹಳೆಯ ಹಗ್ಗದ ತುಂಡೊಂದು ಇನ್ನೂ ನೇತಾಡುತ್ತಿತ್ತು.

ನಿಂಗಮ್ಮ ಹುಲ್ಲು ಹೊತ್ತುಕೊಂಡು ಬಂದಳು. ಈ ಹಗ್ಗ ಯಾತಕ್ಕೆ ಎಂದು ಕೇಳಿದೆ.

'ಯಾತಕ್ಕೋ ಕಾಣೆ ಸ್ವಾಮಿ. ಬಟ್ಟೆ ಒಣಗಾಕೋಣ ಅಂದ್ರೆ ಅಷ್ಟೆತ್ರ. ವರ್ಷಕ್ಕೊಂದ್ಸಲ ತಾಯಿ ಮಗಳು ಇಬ್ರೂ ಸೇರಿ ಬದಲಾಯಿಸ್ತಾರೆ. ಹೊಸ್ದು ಬಿಗಿಯಾದ್ಮೇಲೇ ಹಳೇದು ಬಿಚ್ಚೋದು.'

ಯಾವಾಗಿನಿಂದ ಎಂದು ಕೇಳಿದೆ. ನನ್ನ ಪತ್ರ ಬಂದ ಮೇಲೆ ಇರಬಹುದೆಂದು ನಾನು ಅಂದುಕೊಳ್ಳುತ್ತಿದ್ದೆ. ಅಂದುಕೊಂಡು ಸ್ವಲ್ಪ ಸುಖಪಡುತ್ತಲೂ ಇದ್ದೆ.

'ದಾರಿ ಕಡಿದ ದಿನವೇ ಕಟ್ಟಿದ್ರು. ಆಳುಗಳು ಇನ್ನೂ ಕೂಲಿ ಈಸ್ಕೊಂಡಿರಲಿಲ್ಲ' ಅಂದಳು.

ಆ ವರ್ಷ ಜನವರಿಯಲ್ಲಿ ನನಗೆ ಬರೆಯುವಾಗ ದಾರಿಯ ಮೇಲೆ ಆ ಹಗ್ಗ ಆಗಲೇ ಇತ್ತು. ಕಡಿದದ್ದನ್ನು ತಿಳಿಸಿದೆ, ಕಟ್ಟಿದ್ದನ್ನು ತಿಳಿಸಲಿಲ್ಲ. ಒಂಬತ್ತನೇ ಕ್ಲಾಸಿನ ಪಾಠವನ್ನು ನಾನು ನಿನಗೆ ಬರೆದು ಕಳಿಸಿದೆ.

ಕೊನೆಯ ಬಸ್ಸು ಆರಕ್ಕೆ ಇತ್ತು. ಅದರ ಹಾರ್ನು ಕೊತ್ತಗೆರೆ ಕಡೆಯಿಂದ ಕೇಳಿಸಿತು. ನಾನು ಏಳಲಿಲ್ಲ. ಹುಣಸೆ ಮರದ ಕೆಳಗೆ, ಶಿರಸ್ತೇದಾರರು ಮಲಗಿದ್ದ ಕಡೆಯೇ ಇರಬೇಕು, ಕಲ್ಲಿನ ಮೇಲೆ ಕೂತಿದ್ದೆ. ಬೆಳಕು ಹೋಗುತ್ತಾ ಮೆಳೆ ಕಪ್ಪಾಯಿತು. ಅವುಗಳ ಕಣ್ಣು ಕಾಣಲಿಲ್ಲ. ಬಹಳ ಹೊತ್ತು ಏನೂ ಕಾಣಲಿಲ್ಲ. ಆಮೇಲೆ ಹಗ್ಗ ಒಮ್ಮೆ ಮೆಲ್ಲಗೆ ತೂಗಿತು. ಗಾಳಿ ಇರಲಿಲ್ಲ.

ನಿಂಗಮ್ಮ ಮುದ್ದೆ ಕೊಟ್ಟು, ಚಾಪೆ, ಕಂಬಳಿ, ಲಾಟೀನು ತಂದಿಟ್ಟು ಹೋಗಿದ್ದಾಳೆ. ಬೆಳಗಿನ ಮೊದಲ ಬಸ್ಸಿಗೆ ಹೋದರೆ ಶಾಲೆಗೆ ಮುಟ್ಟುತ್ತೇನೆ. ಈ ಪತ್ರವನ್ನು ಬಾಗಿಲ ಸಂದಿಯಲ್ಲಿ ಒಳಗೆ ತಳ್ಳಿ ಹೋಗುತ್ತೇನೆ. ಅಂಚಿನವರೆಗೂ ಬರೆದಿದ್ದೇನೆ, ಎಲ್ಲಿಯೂ ಜಾಗ ಬಿಟ್ಟಿಲ್ಲ.

ನಿನ್ನ ತಮ್ಮ
ಚಿಕ್ಕರಂಗ

ತಾ.ಕ.: ಒಂದು ಕೇಳುವುದಿದೆ. ನಾವು ಎಂದರೂ ಬಂದ್ವಾ, ಅವು ಎಂದರೂ ಬಂದ್ವಾ. ನಮ್ಮ ಕಡೆಯ ಮಾತಿನಲ್ಲಿ ಎರಡಕ್ಕೂ ಒಂದೇ. ಭಾವ ಅವನ್ನು ಓಡಿಸಬೇಕು ಎಂದಾಗ 'ಕೇಳ್ಕಂಡು ಬಂದ್ವಾ?' ಎಂದೆಯಲ್ಲ, ಅಕ್ಕ, ಯಾರು ಯಾರನ್ನು?